ಚಿತ್ತಾರಕ್ಕೆ ಅಂಕ ಇಲ್ಲ, ಆದ್ರೂ ಬರೀಲಿ

ಅಮೆರಿಕದಲ್ಲಿ ಡಾಕ್ಟರ್ ಓದಕ್ಕೆ ಅರ್ಜಿ ಹಾಕೋ ಮಕ್ಕಳು, ಓದಿನ ಆಚೆ ತಾವು ಮಾಡಿದ್ದನ್ನೂ ಬರೀಬೇಕು. 15 ಚಟುವಟಿಕೆ ತನಕ ಜಾಗ ಉಂಟು. ಹಾಡು, ಆಟ, ಜೇನು ಸಾಕಣೆ, ಏನಾದ್ರೂ ಆಗಬಹುದು. ನಮ್ಮಲ್ಲಿ ನೀಟ್. 180 ಪ್ರಶ್ನೆ, 720 ಅಂಕ, ಮುಗೀತು.

ಅದಕ್ಕೇ ಜಡೆ, ಸೊರಬದ ಕಡೆ ಮಗಳು ಪಿಯುಸಿ ಸೈನ್ಸ್ ಸೇರಿದ ದಿನವೇ ಹವ್ಯಾಸ ಅಟ್ಟ ಹತ್ತುತ್ತೆ. ಭೂಮಿ ಹುಣ್ಣಿಮೆ ಹತ್ರ ಬಂದು, ಅಜ್ಜಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯಕ್ಕೆ ಕೂತ್ರೆ, "ಅವಳನ್ನ ಕರೀಬೇಡಿ, ನಾಳೆ ಟೆಸ್ಟ್" ಅಂತೀವಿ.

ಕರೀರಿ ಅಂತೀನಿ ನಾನು. ಅದರಿಂದ ಸೀಟೇನೂ ಸಿಗಲ್ಲ. ಆದ್ರೆ ಕೆಮ್ಮಣ್ಣು ಬಳಿದ ಬುಟ್ಟಿ ಮೇಲೆ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಎಳೆ ಎಳೆಯೋದು ಅವಸರದ ಕೆಲಸ ಅಲ್ಲ. ಕೈ ನಡುಗಬಾರದು. ಅಜ್ಜಿಯ ಮುಗಿಯದ ಕಥೆಗೆ ಹ್ಞೂಂಗುಟ್ಟಬೇಕು. ನಾಳೆ ಎದೆನೋವು ಅಂತ ಬಂದ ಮುದುಕಿ ಊರೆಲ್ಲ ಸುತ್ತಿಸಿ ಮಾತಾಡುವಾಗ, ಕೇಳೋ ತಾಳ್ಮೆ ಬೇಕಲ್ಲ?

ಇನ್ನೊಂದು ಮಾತು. 2024ರಲ್ಲಿ ನೀಟ್ ಬರೆದವರು 20 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಮಕ್ಕಳಿಗೆ ಎಂಬಿಬಿಎಸ್ ಸಿಗಲಿಲ್ಲ. ಎರಡು ವರ್ಷ ಎಲ್ಲವನ್ನೂ ಬಿಡಿಸಿ ಓದಿಸಿದ ಮಗೀಗೆ ಸೀಟೂ ತಪ್ಪಿದ್ರೆ, ತಂದು ಅನ್ನೋದು ಒಂದಾದ್ರೂ ಕೈಯಲ್ಲಿ ಉಳೀಬೇಕು.