ಗೇಟಿನೊಳಗೆ ಗೆದ್ದದ್ದು, ಗೇಟಿನಾಚೆ ಉಳಿದದ್ದು

2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಭವಿಷ್ಯನಿಧಿಯಲ್ಲಿ (ಪಿಎಫ್) ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ನಿಯಮ ಮಾಡಿತ್ತು. ಗಾರ್ಮೆಂಟ್ಸ್ ಕೆಲಸದಲ್ಲಿ ಆ ವಯಸ್ಸಿನವರೆಗೆ ಉಳಿಯುವವರು ಅಪರೂಪ. ಮಕ್ಕಳ ಫೀಸು, ಮಗಳ ಮದುವೆ, ಕೈಸಾಲ, ಆಸ್ಪತ್ರೆ ಎಲ್ಲಕ್ಕೂ ಪಿಎಫ್ ದುಡ್ಡೇ ಅವರಿಗೆ ಆಧಾರ. ಮರುದಿನ ಪ್ರತಿಭಟನೆ ನಗರದ ಬೇರೆ ಹೆದ್ದಾರಿಗಳಿಗೂ ಹಬ್ಬಿತು. ಕಲ್ಲು ತೂರಾಟವಾಯಿತು, ಬಸ್ಸುಗಳು ಸುಟ್ಟುಹೋದವು, ಪೊಲೀಸರು ಲಾಠಿ ಬೀಸಿದರು. ಅದೇ ದಿನ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಆ ಮುಷ್ಕರಕ್ಕೆ ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಬೀದಿಗಿಳಿದ ಬಹುಪಾಲು ಹೆಂಗಸರು ಯಾವ ಯೂನಿಯನ್ನಿಗೂ ಸೇರಿದವರಲ್ಲ. ಹಾಗಾಗಿ ಈ ಘಟನೆಯಿಂದ ಎರಡು ವಿರುದ್ಧ ಪಾಠಗಳನ್ನು ಕಲಿತವರಿದ್ದಾರೆ. ಕಾರ್ಮಿಕರು ತಮ್ಮ ಹಕ್ಕನ್ನು ತಾವೇ ಗೆಲ್ಲಬಲ್ಲರು, ನಡುವೆ ನಾಯಕರು ಬೇಕಿಲ್ಲ ಎಂಬುದು ಒಂದು. ಸಂಘವಿದ್ದಿದ್ದರೆ ಫೆಬ್ರುವರಿಯಲ್ಲೇ ಮಾತುಕತೆ ನಡೆಯುತ್ತಿತ್ತು, ಬಸ್ಸು ಸುಡುವ, ಬಡವರ ಮೇಲೆ ಕೇಸು ಬೀಳುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಕಾರ್ಮಿಕ ಸಂಘಗಳಿಂದ ಏನು ದಕ್ಕಿತು, ಏನು ದಕ್ಕಲಿಲ್ಲ ಎಂದು ತೂಗಿ ನೋಡದೆ ಯಾವುದು ಹೆಚ್ಚು ಸರಿ ಎಂದು ಹೇಳಲಾಗದು.

ಮೊದಲು ದಕ್ಕಿದ್ದನ್ನು ನೋಡೋಣ. ಸಂಘ ಕಟ್ಟುವುದೇ ಅಪರಾಧವೆನಿಸಿದ್ದ ಕಾಲವೊಂದಿತ್ತು. 1918ರ ಏಪ್ರಿಲ್‌ನಲ್ಲಿ ಮದರಾಸಿನಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರ ಮೊದಲ ದೂರುಗಳಲ್ಲಿ ಒಂದು, ಮಧ್ಯಾಹ್ನ ಉಣ್ಣುವುದಕ್ಕೂ ಸಾಕಷ್ಟು ಬಿಡುವಿಲ್ಲ ಎಂಬುದು. ಆ ಗಿರಣಿಗಳನ್ನು ನಡೆಸುತ್ತಿದ್ದದ್ದು ಬಿನ್ನಿ ಕಂಪನಿ. ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಕೊಟ್ಟದ್ದೂ ಅದೇ. ಕೆಲಸಗಾರರನ್ನು ಎತ್ತಿಕಟ್ಟಿ ವ್ಯಾಪಾರಕ್ಕೆ ನಷ್ಟ ಮಾಡಿದರೆಂದು ಕಂಪನಿ ವಾಡಿಯಾ ಮತ್ತು ಸಂಗಡಿಗರ ಮೇಲೆ ದಾವೆ ಹೂಡಿತು. ಮದರಾಸ್ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಕಾರ್ಮಿಕರ ಪರ ಮಾತಾಡಿದವರು ಸಾಮಾನ್ಯ ಕಾನೂನಿನಡಿ ಪರಿಹಾರ ತೆರಬೇಕಾದೀತೆಂಬುದು ಆಗ ದೇಶಕ್ಕೇ ಮನವರಿಕೆಯಾಯಿತು. ಕಾರ್ಮಿಕ ನಾಯಕ ಎನ್.ಎಂ. ಜೋಷಿಯವರಂಥವರು ಪಟ್ಟು ಹಿಡಿದದ್ದರ ಫಲವಾಗಿ 1926ರ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ನೋಂದಾಯಿತ ಸಂಘದ ನ್ಯಾಯಬದ್ಧ ಚಟುವಟಿಕೆಗೆ ಸಿವಿಲ್ ದಾವೆಯಿಂದಲೂ ಪಿತೂರಿಯ ಆರೋಪದಿಂದಲೂ ರಕ್ಷಣೆ ಸಿಕ್ಕಿತು.

ಮೈಸೂರು ಸೀಮೆಯ ಕೆಲಸಗಾರರೂ ಸುಮ್ಮನಿರಲಿಲ್ಲ. 1930ರಲ್ಲಿ, ಹೇಳಿಕೊಳ್ಳುವಂಥ ಸಂಘವೇ ಇಲ್ಲದ ಹೊತ್ತಿನಲ್ಲಿ, ಕೋಲಾರ ಚಿನ್ನದ ಗಣಿಯ ಸಾವಿರಾರು ಕೆಲಸಗಾರರು ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಮುಷ್ಕರ ಹೂಡಿದರು. ನೆಲದಡಿ ದುಡಿಯುವವರನ್ನು ಅಪರಾಧಿಗಳಂತೆ ಕಾಣುವ ಆ ಕ್ರಮ ಅವರ ಮಾನಕ್ಕೆ ತಾಗಿತ್ತು. ಸಂಬಳ ಮುಖ್ಯವೇ, ಆದರೆ ಕಾರ್ಮಿಕ ಹೋರಾಟಗಳ ಬೇರಿನಲ್ಲಿ ಮನುಷ್ಯರಂತೆ ನಡೆಸಿಕೊಳ್ಳಿ ಎಂಬ ಕೇಳಿಕೆ ಯಾವಾಗಲೂ ಇದೆ.

ಸ್ವಾತಂತ್ರ್ಯದ ಆಸುಪಾಸಿನಲ್ಲೂ ಆಮೇಲೂ ಬಂದ ಕಾನೂನುಗಳನ್ನು ಇಂದಿನ ನೌಕರ ಗಾಳಿ ಬೆಳಕಿನಷ್ಟೇ ಸಹಜವೆಂದುಕೊಂಡಿದ್ದಾನೆ. 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ, ಕನಿಷ್ಠ ವೇತನ ಕಾಯ್ದೆ, ಇಎಸ್‌ಐ, 1961ರ ಹೆರಿಗೆ ಸೌಲಭ್ಯ, 1965ರ ಬೋನಸ್, 1972ರ ಗ್ರಾಚ್ಯುಟಿ: ಇವುಗಳ ಹಿಂದೆಲ್ಲ ಸಂಘಗಳ ದಶಕಗಳ ಒತ್ತಾಯವಿದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು ಮತ್ತು ಸಂಘಗಳು ಒಟ್ಟಿಗೆ ಕೂತು, ಕನಿಷ್ಠ ವೇತನ ಲೆಕ್ಕ ಹಾಕಲು ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನದ ಮಾನದಂಡ ಗೊತ್ತುಮಾಡಿದರು. ಮಕ್ಕಳ ಓದು, ಔಷಧಿ, ವೃದ್ಧಾಪ್ಯಕ್ಕಾಗಿ ಶೇ 25ರಷ್ಟು ಸೇರಿಸಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಕನಿಷ್ಠ ವೇತನ ಪರಿಷ್ಕರಣೆಯ ವಾದ ಇಂದಿಗೂ ಈ ಮಾನದಂಡದ ಸುತ್ತಲೇ ನಡೆಯುತ್ತದೆ.

ಬೆಂಗಳೂರಿನಿಂದ ಹೊರಟ ಒಂದು ಮೊಕದ್ದಮೆಯನ್ನು ಇಲ್ಲಿ ನೆನೆಯಲೇಬೇಕು. ಬೆಂಗಳೂರು ಜಲಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತ್ತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ತಾನು ‘ಉದ್ಯಮ’ವೇ ಅಲ್ಲ, ಕೈಗಾರಿಕಾ ವಿವಾದ ಕಾಯ್ದೆ ತನಗೆ ಅನ್ವಯಿಸದು ಎಂದು ಮಂಡಳಿ ವಾದಿಸಿತು. ಎ. ರಾಜಪ್ಪ ಮತ್ತಿತರರ ಈ ಪ್ರಕರಣ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಮುಖ್ಯ ತೀರ್ಪು ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಕ್ಲಬ್ಬುಗಳ ನೌಕರರಿಗೂ ಕಾರ್ಮಿಕ ಕಾನೂನಿನ ಬಾಗಿಲು ತೆರೆಯಿತು.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ಸಂಘಗಳನ್ನು ಟೀಕಿಸುವವರೆಲ್ಲ ಮಾಲೀಕರ ಪಕ್ಷದವರಲ್ಲ. ಅವರ ಆಕ್ಷೇಪಗಳಿಗೆ ಅನುಭವದ ಬಲವಿದೆ.

ಮೊದಲನೆಯದು, ಹಿಡಿದ ಪಟ್ಟನ್ನು ಎಲ್ಲಿ ಸಡಿಲಿಸಬೇಕೆಂದು ತಿಳಿಯದ ಮುಷ್ಕರ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಲಕ್ಷದಷ್ಟು ಕುಟುಂಬಗಳು ನೆಲೆ ಕಳೆದುಕೊಂಡವು. ಆ ಹೊತ್ತಿಗಾಗಲೇ ಪವರ್‌ಲೂಮ್‌ಗಳ ಪೈಪೋಟಿಯಲ್ಲಿ ಗಿರಣಿಗಳು ಸೊರಗಿದ್ದವು, ಗಿರಣಿ ನೆಲದ ಬೆಲೆ ಮಾಲೀಕರ ಕಣ್ಣು ಕುಕ್ಕುತ್ತಿತ್ತು ಎಂಬುದೂ ನಿಜ. ಇಡೀ ಉದ್ಯಮಕ್ಕೆ ಒಂದೇ ಸಂಘವನ್ನು ಮಾನ್ಯ ಮಾಡಿದ್ದ 1946ರ ಬಾಂಬೆ ಕಾಯ್ದೆಯ ಕಾರಣದಿಂದ, ಕಾರ್ಮಿಕರು ನಂಬಿದ ನಾಯಕನೊಡನೆ ಮಾತಾಡಲು ಕಾನೂನೇ ಅಡ್ಡಿಯಾಗಿತ್ತು ಎಂಬುದೂ ನಿಜ. ಆದರೂ ಸೋಲು ಕಣ್ಣೆದುರು ಕಂಡಾಗ ಹಿಂದೆ ಸರಿಯುವ ದಾರಿಯನ್ನು ನಾಯಕತ್ವ ಹುಡುಕಬೇಕಿತ್ತು.

ಬೆಂಗಳೂರಿಗೂ ಆ ಕಾಲದ್ದೊಂದು ನೋವಿನ ನೆನಪಿದೆ. ಬಿಎಚ್‌ಇಎಲ್‌ಗೆ ಸಮನಾದ ಸಂಬಳ ಬೇಕೆಂದು ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 1980ರ ಡಿಸೆಂಬರ್‌ನಿಂದ 77 ದಿನ ಮುಷ್ಕರ ಹೂಡಿದರು. ಸಾರ್ವಜನಿಕ ಉದ್ದಿಮೆಗಳ ಆ ಒಗ್ಗಟ್ಟು ದೊಡ್ಡದು. ಆದರೆ ಮುಖ್ಯ ಬೇಡಿಕೆ ಈಡೇರದೆಯೇ ಕೆಲಸಕ್ಕೆ ಮರಳಬೇಕಾಯಿತು.

ಎರಡನೆಯದು, ಮುಷ್ಕರದ ಬೆಲೆ ತೆರುವ ಮೂರನೆಯವರ ಪ್ರಶ್ನೆ. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಂಬಳಕ್ಕಾಗಿ ಕರ್ನಾಟಕದ ಸಾರಿಗೆ ನೌಕರರು ಎರಡು ವಾರ ಬಸ್ಸು ನಿಲ್ಲಿಸಿದರು. ಚಾಲಕ, ನಿರ್ವಾಹಕರ ದುಡಿಮೆಯ ಕಷ್ಟ ಬಲ್ಲ ಯಾರೂ ಆ ಬೇಡಿಕೆಯನ್ನು ಅನ್ಯಾಯವೆನ್ನಲಾರರು. ಆದರೆ ಕೊರೊನಾದ ಎರಡನೇ ಅಲೆ ಏಳುತ್ತಿದ್ದ ಆ ದಿನಗಳಲ್ಲಿ, ಬಸ್ಸಿನ ಹೊರತು ಬೇರೆ ದಾರಿಯಿಲ್ಲದ ಹಳ್ಳಿಯವರು ಖಾಸಗಿ ವಾಹನದವರು ಕೇಳಿದಷ್ಟು ಕೊಡಬೇಕಾಯಿತು. ಕೊನೆಗೆ ಹೈಕೋರ್ಟಿನ ಮಾತಿಗೆ ಮಣಿದು ಮುಷ್ಕರ ನಿಂತಿತು. ವಜಾ, ಅಮಾನತು, ವರ್ಗಾವಣೆಯ ಪೆಟ್ಟು ಬಿದ್ದದ್ದು ಸಾಮಾನ್ಯ ನೌಕರರ ಮೇಲೆ.

ಆ ಮುಷ್ಕರದ ಮುಂಚೂಣಿಯಲ್ಲಿ ಸಾರಿಗೆ ನೌಕರರಲ್ಲದ ರೈತ ನಾಯಕರೊಬ್ಬರಿದ್ದದ್ದೂ ಚರ್ಚೆಯಾಯಿತು. ಹೊರಗಿನವರ ನಾಯಕತ್ವ ಈ ದೇಶದ ಸಂಘಗಳ ಮೇಲಿನ ಹಳೆಯ ದೂರು. ಪಕ್ಷದ ಲೆಕ್ಕಾಚಾರಕ್ಕೆ ಕಾರ್ಮಿಕರನ್ನು ಬಳಸಿಕೊಂಡ ನಿದರ್ಶನಗಳಿಗೆ ಕೊರತೆಯಿಲ್ಲ. ಒಂದೇ ಕಾರ್ಖಾನೆಯಲ್ಲಿ ಮೂರು ನಾಲ್ಕು ಬಾವುಟಗಳು ಹಾರುವುದೂ ಇದರಿಂದಲೇ. ಆದರೆ ಹೊರಗಿನವರು ಏಕೆ ಬೇಕಾದರು ಎಂದೂ ಕೇಳಬೇಕು. ಸಂಘದ ಕಾರ್ಯದರ್ಶಿಯಾದವನನ್ನೇ ಮೊದಲು ಕೆಲಸದಿಂದ ತೆಗೆಯುವ ಪದ್ಧತಿ ಇರುವಲ್ಲಿ, ತೆಗೆಯಲಾಗದ ವ್ಯಕ್ತಿಯೊಬ್ಬ ಮುಂದೆ ನಿಲ್ಲಬೇಕಾಗುತ್ತದೆ. ವಾಡಿಯಾ ಕೂಡ ಗಿರಣಿಯ ನೌಕರರಾಗಿರಲಿಲ್ಲ. ಪದಾಧಿಕಾರಿಗಳಲ್ಲಿ ಹೊರಗಿನವರ ಸಂಖ್ಯೆಯನ್ನು 2001ರ ತಿದ್ದುಪಡಿ ಬಹಳ ಮಟ್ಟಿಗೆ ತಗ್ಗಿಸಿತು. ಒಳಗಿನ ಪದಾಧಿಕಾರಿಯ ನೌಕರಿಗೆ ಭದ್ರತೆ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ.

ಮೂರನೆಯ ಆಕ್ಷೇಪ ಅರ್ಥಶಾಸ್ತ್ರಜ್ಞರದು. ಕೈಗಾರಿಕಾ ವಿವಾದ ಕಾಯ್ದೆಯನ್ನು ಕಾರ್ಮಿಕರ ಪರವಾಗಿ ತಿದ್ದಿದ ರಾಜ್ಯಗಳಲ್ಲಿ ಸಂಘಟಿತ ವಲಯದ ಉತ್ಪಾದನೆ ಮತ್ತು ಉದ್ಯೋಗ ಕುಗ್ಗಿತೆಂದು 2004ರಲ್ಲಿ ಟಿಮೊಥಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ವಾದಿಸಿದರು. ಯಾವ ತಿದ್ದುಪಡಿ ಕಾರ್ಮಿಕರ ಪರ, ಯಾವುದು ವಿರುದ್ಧ ಎಂದು ಅವರು ವಿಂಗಡಿಸಿದ ರೀತಿಯೇ ಸರಿಯಿಲ್ಲವೆಂದು ಆದಿತ್ಯ ಭಟ್ಟಾಚಾರ್ಜಿಯಾ ತೋರಿಸಿದರು. ಈ ವಾದ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಕಾಯಂ ನೌಕರನನ್ನು ತೆಗೆಯುವುದು ಕಷ್ಟವಾದಷ್ಟೂ ಮಾಲೀಕರು ಕಾಯಂ ಮಾಡುವುದನ್ನೇ ಬಿಟ್ಟರೆಂಬುದನ್ನು ಪೀಣ್ಯದಲ್ಲಾಗಲಿ ಬಿಡದಿಯಲ್ಲಾಗಲಿ ದುಡಿದವರು ಬಲ್ಲರು.

ನನಗೆ ಎಲ್ಲಕ್ಕಿಂತ ಗಂಭೀರವೆನಿಸುವುದು ಇದೇ. ಒಂದೇ ಲೈನಿನಲ್ಲಿ, ಒಂದೇ ಸಮವಸ್ತ್ರದಲ್ಲಿ, ಒಂದೇ ಬಗೆಯ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬ ಕಾಯಂ, ಇನ್ನೊಬ್ಬ ಗುತ್ತಿಗೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಆಗುವ ವೇತನ ಒಪ್ಪಂದದಲ್ಲಿ ಎರಡನೆಯವನ ಹೆಸರೇ ಇರುವುದಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದ್ದರೂ, ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಕೆಲಸಗಾರ ತಾನಾಗಿ ಕಾಯಂ ಆಗುವುದಿಲ್ಲ ಎಂದು 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ಎದುರಿಸುವ ಬದಲು ತಮ್ಮ ಸದಸ್ಯರ ಸಂಬಳ ಉಳಿದರೆ ಸಾಕೆಂದು ಹಲವು ಸಂಘಗಳು ಸುಮ್ಮನಾದವು. ಹೆಂಗಸರ ವಿಷಯದಲ್ಲೂ ಹೀಗೆಯೇ. ಅವರು ಹೆಚ್ಚಿರುವ ಕಡೆಯೂ ಮಾತುಕತೆಯ ಮೇಜಿನ ಮುಂದೆ ಬಹುಕಾಲ ಗಂಡಸರೇ ಕೂತರು.

ಇಷ್ಟನ್ನು ಒಪ್ಪಿಕೊಂಡ ಮೇಲೆ, ಸಂಘ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು, ಯಂತ್ರ, ವಾಹನಗಳನ್ನು ಪುಡಿ ಮಾಡಿದರು. ಹಲವು ಏಜೆನ್ಸಿಗಳ ಮೂಲಕ ಸೇರಿದ ಸಾವಿರಾರು ಗುತ್ತಿಗೆ ಯುವಕರಿಗೆ ಹೇಳಿದ ಸಂಬಳ ಸಿಕ್ಕಿರಲಿಲ್ಲ, ಪಾಳಿ 12 ಗಂಟೆಯದಾಗಿತ್ತು, ದೂರು ಕೇಳುವವರಿರಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಕಾರ್ಖಾನೆಗಳ ಇಲಾಖೆ ಲೋಪಗಳನ್ನು ಗುರುತಿಸಿತು. ಕಂಪನಿ ಕ್ಷಮೆ ಕೇಳಿ ಹಿರಿಯ ಅಧಿಕಾರಿಯೊಬ್ಬರನ್ನು ತೆಗೆದುಹಾಕಿತು. ಹಿಂಸೆಗೆ ಸಮರ್ಥನೆಯಿಲ್ಲ. ಆದರೆ ಅಹವಾಲು ಒಯ್ಯಲು ಒಂದು ಸಂಘವಿದ್ದಿದ್ದರೆ, ಆ ಯುವಕರೂ ಬಂಧನದಿಂದ ಉಳಿಯುತ್ತಿದ್ದರು, ಕಾರ್ಖಾನೆಯೂ ಹಾನಿಯಿಂದ ಉಳಿಯುತ್ತಿತ್ತು. ಶಾಂತಿ ಬೇಕೆನ್ನುವ ಮಾಲೀಕರೇ ಮೊದಲು ಕಲಿಯಬೇಕಾದ ಪಾಠ ಇದು.

ಸಂಘಗಳು ತಿದ್ದಿಕೊಳ್ಳಬಲ್ಲವು ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಗುತ್ತಿಗೆದಾರರ ಕೈಕೆಳಗೆ ವರ್ಷಗಟ್ಟಲೆ ದುಡಿದ ಅವರು ಸಂಘ ಕಟ್ಟಿ, 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟರು. 2025ರ ಮೇ ದಿನದಂದು 12,000ಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. 2024ರಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ಮೊದಲು ದನಿ ಎತ್ತಿದ್ದು ಅವರದೇ ಸಂಘ. ಸ್ವಿಗ್ಗಿ, ಜೊಮ್ಯಾಟೊ, ಓಲಾ, ಊಬರ್‌ನಂಥ ವೇದಿಕೆಗಳಲ್ಲಿ ದುಡಿಯುವವರಿಗಾಗಿ 2025ರಲ್ಲಿ ಕರ್ನಾಟಕ ತಂದ ಕಾನೂನು, ಪ್ರತಿ ಸೇವೆಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಕೊಟ್ಟಿದೆ. ಅದಕ್ಕೂ ಹೊಸ ಕಾಲದ ಸಂಘಗಳ ಒತ್ತಾಯವೇ ಕಾರಣ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ತೂಕವನ್ನು ಮತ್ತೆ ಕದಲಿಸಿವೆ. ಎಲ್ಲರಿಗೂ ನೇಮಕಾತಿ ಪತ್ರ, ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ, ಶೇ 51ರಷ್ಟು ಸದಸ್ಯರಿರುವ ಸಂಘಕ್ಕೆ ಮಾತುಕತೆಯ ಮಾನ್ಯತೆ: ಇವು ಒಳ್ಳೆಯವು. ಎಲ್ಲ ಉದ್ದಿಮೆಗಳಲ್ಲೂ ಮುಷ್ಕರಕ್ಕೆ 14 ದಿನದ ನೋಟಿಸ್ ಕಡ್ಡಾಯ, 300 ಕಾರ್ಮಿಕರಿಗಿಂತ ಕಡಿಮೆ ಇರುವಲ್ಲಿ ಸರ್ಕಾರದ ಅನುಮತಿಯಿಲ್ಲದೆ ಕೆಲಸದಿಂದ ತೆಗೆಯಲು ಅವಕಾಶ: ಇವು ಸಂಘದ ಕೈ ಕಟ್ಟುವಂಥವು. ಹಿಂದೆ ಆ ಮಿತಿ 100 ಇತ್ತು.

ಎರಡೂ ತಟ್ಟೆಗಳನ್ನು ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ. ಸಂಘಗಳು ಮಾಡಿದ ತಪ್ಪುಗಳು ದೊಡ್ಡವು; ಸಂಘವಿಲ್ಲದ ದುಡಿಮೆಯ ಅನ್ಯಾಯ ಅದಕ್ಕಿಂತ ದೊಡ್ಡದು. ಒಬ್ಬೊಬ್ಬನಾಗಿ ಮಾತಾಡುವ ಕೆಲಸಗಾರನಿಗೂ ಕಂಪನಿಗೂ ನಡುವಿನ ಬಲದ ಅಂತರವನ್ನು ತುಂಬುವ ಬೇರೆ ಉಪಾಯವನ್ನು ಈ ನೂರು ವರ್ಷದಲ್ಲಿ ಯಾರೂ ಕಂಡುಹಿಡಿದಿಲ್ಲ. ಆದರೆ ಕಾಯಂ ಗಂಡಸರ ಸಂಘವಾಗಿ ಉಳಿದರೆ ಅದು ಇನ್ನು ಬಾಳದು. ಗುತ್ತಿಗೆಯವರಿಗೆ ಸದಸ್ಯತ್ವ ಕೊಡಲಿ, ಹೆಂಗಸರು ಪದಾಧಿಕಾರಿಗಳಾಗಲಿ, ಮುಷ್ಕರಕ್ಕೆ ಮುಂಚೆ ಗುಪ್ತ ಮತದಾನ ನಡೆಯಲಿ, ಜನರ ನಿತ್ಯದ ಸೇವೆ ನಿಲ್ಲಿಸುವುದು ಕೊನೆಯ ಅಸ್ತ್ರವಾಗಲಿ. ಮಾಲೀಕರು ಸಂಘವನ್ನು ಶತ್ರುವೆಂದು ನೋಡದೆ ಮಾನ್ಯತೆ ಕೊಡಲಿ, ಪದಾಧಿಕಾರಿಗಳ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಸರ್ಕಾರ ಕಟ್ಟುನಿಟ್ಟಾಗಿ ತಡೆಯಲಿ. ಈ ತಿಂಗಳ ಸಂಬಳದ ಚೀಟಿಯಲ್ಲಿ ಪಿಎಫ್, ಇಎಸ್‌ಐ ಎಂಬ ಸಾಲುಗಳನ್ನು ಕಾಣುವ ಓದುಗರು, ಅದೇ ಕಟ್ಟಡದಲ್ಲಿ ಕಸ ಗುಡಿಸುವ, ಕಾವಲು ಕಾಯುವ ಗುತ್ತಿಗೆಯವರಿಗೂ ಅವು ಸಿಗುತ್ತಿವೆಯೇ ಎಂದು ಒಮ್ಮೆ ವಿಚಾರಿಸಿ. ಸಿಗದಿದ್ದರೆ ಅವರ ಪರವಾಗಿ ಮಾತಾಡಿ.