ಟ್ರಂಕ್ ನಮ್ಮದು, ಕೀಲಿಕೈ ಯಾರದು?

ಶ್ರಾವಣ ಬಂತಂದ್ರ ನಮ್ಮ ಮನಿಯೊಳಗ ಹಾಡಿನ ವಹಿ ಹುಡುಕೋದು ಸುರು ಆಗ್ತದ. ಮಂಗಳಗೌರಿ ಹಾಡು, ಆರತಿ ಹಾಡು, ಬೀಗರನ್ನ ಕಾಡೋ ಹಾಡು. ನಮ್ಮ ಅತ್ತಿಯವರು ಗಟ್ಟಿ ಇದ್ದಾಗ ವಹಿ ಬೇಕಾಗ್ತಿರಲಿಲ್ಲ, ಎಲ್ಲಾ ಬಾಯಾಗ ಇದ್ವು. ವಯಸ್ಸಾದ ಮ್ಯಾಲೆ ತಾವ ಕೂತು ಎರಡು ವಹಿ ತುಂಬ ಬರದಿಟ್ರು. 2004ರಾಗ ನಾನು ಭಾಳ ಹುರುಪಿಲೆ ಅವನ್ನೆಲ್ಲಾ ಕಂಪ್ಯೂಟರಿನೊಳಗ ಟೈಪ್ ಮಾಡಿದೆ. ಮುಗಿದ ದಿವಸ "ಇನ್ನ ಇವಕ್ಕ ಸಾವಿಲ್ಲ ಬಿಡ್ರಿ" ಅಂತ ಅವರಿಗೆ ಹೇಳಿದ್ದೆ. ಮುಂದ ಮನಿ ಬದಲಿ ಮಾಡುವಾಗ, ಹುಳ ಹತ್ತಿದ ಆ ವಹಿಗಳನ್ನ ರದ್ದಿಗೆ ಹಾಕಿದಾಕಿನೂ ನಾನ.

ಹೋದ ವರ್ಷ ಫೈಲ್ ತೆಗದು ನೋಡ್ತೀನಿ, ಹಾಡಿಲ್ಲ. ಇಂಗ್ಲಿಷ್ ಅಕ್ಷರ, ನಡುವ ಚುಕ್ಕಿ, ಡಾಲರ್ ಗುರುತು, ಏನೇನೋ. ಅಕ್ಕಿಯೊಳಗ ಯಾರೋ ಉಸುಕು ಕಲಿಸಿಟ್ಟಂಗ. ನಾ ಬಳಸಿದ್ದ ಕನ್ನಡ ತಂತ್ರಾಂಶ ಹೊಸಾ ಕಂಪ್ಯೂಟರಿನೊಳಗ ನಡಿಯಂಗಿಲ್ಲಂತ. ಕೊಟ್ಟ ಅಂಗಡಿಯವಗ ಫೋನ್ ಮಾಡಿದ್ರ, "ಅದು ಬಂದ್ ಆಗಿ ಭಾಳ ವರ್ಷ ಆತ್ರಿ ಅಕ್ಕಾರ" ಅಂದ. ನಮ್ಮ ಅಕ್ಕನ ಮಗ, ಅಂವ ಕಂಪ್ಯೂಟರ್ ಕಲತಾಂವ, "ಹೋಗ್ಲಿ ಬಿಡು ಮೌಶಿ, ಯೂಟ್ಯೂಬಿನ್ಯಾಗ ಇಂಥಾ ಹಾಡು ಸಾವಿರ ಸಿಗ್ತಾವ" ಅಂದ.

ಸಿಗ್ತಾವ, ಖರೆ. ಆದ್ರ ನಮ್ಮ ಅತ್ತಿಯವರ ಹಾಡಿನೊಳಗ ನಮ್ಮ ಓಣಿ ಹೆಸರು ಬರ್ತದ, ನಮ್ಮ ಬಾವಿ ಬರ್ತದ, ನಮ್ಮ ಬೀಗರ ಜಿಪುಣತನ ಬರ್ತದ. ಅದು ಯಾವ ಯೂಟ್ಯೂಬಿನ್ಯಾಗ ಅದ ತೋರ್ಸು ಅಂದೆ. ಸುಮ್ಮನಾದ. ಆ ಸಿಟ್ಟಿಲೆನ ಇದನ್ನ ಬರೀಲಿಕ್ಕೆ ಹತ್ತೇನಿ.

ಆಗಿದ್ದೇನಂದ್ರ, ಆವಾಗಿನ ಭಾಳಷ್ಟು ತಂತ್ರಾಂಶ ಒಳಗ ಖರೇ ಕನ್ನಡ ಇಡ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ನಂಬರಿಗೆನ ಮ್ಯಾಲೆ ಕನ್ನಡದ ಚಿತ್ರ ಹಚ್ಚತಿದ್ವು. ಉಪ್ಪಿನ ಡಬ್ಬಿಗೆ 'ಸಕ್ರಿ' ಅಂತ ಚೀಟಿ ಅಂಟಿಸಿದಂಗ. ಆ ಚೀಟಿ ಅಂದ್ರ ಫಾಂಟು. ಚೀಟಿ ಹರದು ಹೋತು, ಒಳಗಿನ ಉಪ್ಪು ಕಂಡ್ತು. ಮತ್ತ ಒಬ್ಬೊಬ್ಬರ ಚೀಟಿ ಒಂದೊಂದು ನಮೂನಿ, ಒಬ್ಬರದು ಇನ್ನೊಬ್ಬರ ಡಬ್ಬಿಗೆ ಹೊಂದಂಗಿಲ್ಲ.

ಇದಕ್ಕ ಮದ್ದು ಇರಲಿಲ್ಲ ಅಂತಲ್ಲ. 1991ರಾಗ ಬಂದ ಯುನಿಕೋಡಿನ ಮೊದಲನೇ ಆವೃತ್ತಿಯೊಳಗನ ಕನ್ನಡಕ್ಕ 128 ಮನಿಯ ಸ್ವಂತ ಓಣಿ ಕೊಟ್ಟಾರ. ಕೆಲವು ಮನಿ ಇನ್ನೂ ಖಾಲಿ ಅದಾವ. 'ಕ' ಅನ್ನೋ ಅಕ್ಷರದ ಮನಿ ನಂಬರು ಜಗತ್ತಿನ ಯಾವ ಯಂತ್ರದಾಗ ನೋಡಿದ್ರೂ ಒಂದ. ಆ ಪಟ್ಟಿ ಯಾರು ಬೇಕಾದ್ರೂ ನೋಡಬಹುದು, ಬಳಸಬಹುದು, ಬಾಡಿಗಿ ಇಲ್ಲ. ನೀವು ಈಗ ಫೋನಿನ್ಯಾಗ ಕನ್ನಡ ಬರೀತೀರಲ್ಲ, ಅದು ಇದ. 2004ರಾಗೂ ಇದು ಇತ್ತು. ನನಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟ್ರಂಕ್ ತಗೊಳುವಾಗ ಕೀಲಿಕೈ ಕೇಳದ ಬಂದ ಹೆಂಗಸು ನಾನು.

ಈಗ ಓಪನ್ ಸೋರ್ಸ್ ಅಂತಾರಲ್ಲ, ಆ ಮಾತಿಗೆ ಬರ್ತೀನಿ. ಅದು ಗಂಡಸರ ಮಾತು, ನಮಗ್ಯಾಕ ಅಂದು ಎದ್ದು ಹೋಗಬ್ಯಾಡ್ರಿ. ಅಮೆರಿಕದ ಎಂಐಟಿಯೊಳಗ ರಿಚರ್ಡ್ ಸ್ಟಾಲ್ಮನ್ ಅಂತ ಒಬ್ಬ ಕೆಲಸಕ್ಕ ಇದ್ದ. ಅಲ್ಲಿಯ ಪ್ರಿಂಟರಿನ್ಯಾಗ ಕಾಗದ ಮ್ಯಾಲಿಂದ ಮ್ಯಾಲೆ ಸಿಕ್ಕೊಳ್ತಿತ್ತು. ಕಾಗದ ಸಿಕ್ಕಾಗ ಎಲ್ಲಾರಿಗೂ ಸುದ್ದಿ ಮುಟ್ಟೋಹಂಗ ತಂತ್ರಾಂಶ ತಿದ್ದೋಣು ಅಂತ ಅದರ ಮೂಲ ಬರಹ ಕೇಳಿದ. ಕೊಡಂಗಿಲ್ಲ ಅಂದ್ರು. ಕೆಟ್ಟದ್ದನ್ನ ತಿದ್ದಲಿಕ್ಕೆ ಬರೋ ಮನಶ್ಯಾಗ ತಿದ್ದೋ ಹಕ್ಕಿಲ್ಲ! ಆ ಸಿಟ್ಟು ಮನಸಿನ್ಯಾಗ ಇಟ್ಟುಕೊಂಡು 1983ರಾಗ ಗ್ನೂ ಅನ್ನೋ ಕೆಲಸ ಹಚ್ಚಿಕೊಂಡ. ಅಂವ ಕೇಳಿದ್ದು ನಾಕ ಮಾತು: ತಂತ್ರಾಂಶ ನಮಗ ಬೇಕಾದಂಗ ನಡಸಬೇಕು, ಒಳಗ ಏನದ ನೋಡಿ ತಿದ್ದಬೇಕು, ಇನ್ನೊಬ್ಬರಿಗೆ ಕೊಡಬೇಕು, ತಿದ್ದಿದ್ದನ್ನೂ ಹಂಚಬೇಕು.

ನಮಗಿದು ಹೊಸಾದಲ್ಲ. ಹೆಪ್ಪು ತಿಳಕೊಳ್ರಿ. ಮನಿಯೊಳಗ ಹೆಪ್ಪು ಮುಗೀತಂದ್ರ ಬಾಜೂ ಮನಿಯಿಂದ ಒಂದು ಚಮಚ ತರ್ತೀವಿ. ಕೊಟ್ಟಾಕಿ ಮೊಸರು ಕಡಿಮಿ ಆಗಂಗಿಲ್ಲ, ನಮ್ಮ ಮನಿಯೊಳಗ ಗಡಿಗಿ ತುಂಬ್ತದ. ನಾಳೆ ಆಕಿದು ಕೆಟ್ರ ನಾವು ಕೊಡ್ತೀವಿ. ಸ್ಟಾಲ್ಮನ್ 1989ರಾಗ ಬರದ ಜಿಪಿಎಲ್ ಅನ್ನೋ ಕರಾರು ಇಷ್ಟ ಹೇಳ್ತದ: ಹೆಪ್ಪು ಒಯ್ದು ಮಾಡಿದ ಮೊಸರು ಹೊರಗ ಕೊಡೋದಾದ್ರ, ಹೆಪ್ಪನ್ನೂ ಜೋಡಿ ಕೊಡು. ಮಾರಬಹುದು, ಬ್ಯಾಡ ಅನ್ನಂಗಿಲ್ಲ. ಬಚ್ಚಿಡಬ್ಯಾಡ ಅಷ್ಟ.

"ಫುಕಟ್ ಸಿಗೋದು ಬರೋಬ್ಬರಿ ಇರಂಗಿಲ್ಲ" ಅಂತ ನಮ್ಮ ಮನಿಯವರು ಅಂದ್ರು. ಅವರ ಕೈಯಾಗಿನ ಆಂಡ್ರಾಯ್ಡ್ ಫೋನಿನ ಬುಡಕ್ಕ ಇರೋದು ಲಿನಕ್ಸ್. 1991ರಾಗ ಹೆಲ್ಸಿಂಕಿಯ ಒಬ್ಬ ಕಾಲೇಜ್ ಹುಡುಗ, ಲಿನಸ್ ಟೋರ್ವಾಲ್ಡ್ಸ್, ಸುರು ಮಾಡಿ ಊರಿಗೆಲ್ಲಾ ಹಂಚಿದ್ದು. ಅವರು ಹಳೇ ಸಿನೆಮಾ ನೋಡೋ ವಿಎಲ್‌ಸಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಸುರು ಮಾಡಿದ್ದು. ಮೊಮ್ಮಗಳು ಶಾಲಿ ಅಭ್ಯಾಸಕ್ಕ ನೋಡೋ ವಿಕಿಪೀಡಿಯಾ, ಅದರ ಕನ್ನಡದ್ದು 2003ರಿಂದ ಅದ, ಅದೂ ಇಂಥಾ ತಂತ್ರಾಂಶದ ಮ್ಯಾಲೆನ ನಿಂತದ. ಮುಂಜಾನಿಂದ ರಾತ್ರಿತನಕ ಫುಕಟ್ ಉಂಡು, ರುಚಿ ಇಲ್ಲ ಅಂದ್ರ ಹೆಂಗ?

ಆದ್ರ ಈ ಫುಕಟ್ ಅನ್ನೋ ಮಾತಿಗೆ ನನಗ ಇನ್ನೊಂದು ತಕರಾರು ಅದ. ಯಾವುದೂ ಫುಕಟ್ ಇಲ್ರಿ, ಯಾರೋ ಮಾಡಿರ್ತಾರ. 2014ರಾಗ ಹಾರ್ಟ್‌ಬ್ಲೀಡ್ ಅಂತ ಒಂದು ದೋಷ ಹೊರಗ ಬಿತ್ತು. ಓಪನ್‌ಎಸ್‌ಎಸ್‌ಎಲ್ ಅಂತ ತಂತ್ರಾಂಶ, ಇಂಟರ್ನೆಟ್ಟಿನ್ಯಾಗ ನಮ್ಮ ಪಾಸ್‌ವರ್ಡ್ ಗುಟ್ಟಾಗಿ ಸಾಗಿಸೋದು ಅದರ ಕೆಲಸ. ಜಗತ್ತಿನ ದೊಡ್ಡ ದೊಡ್ಡ ಕಂಪನಿ ಅದನ್ನ ಬಳಸ್ತಿದ್ವು. ಆವಾಗ ಗೊತ್ತಾತು, ಅದನ್ನ ಪೂರಾ ಹೊತ್ತು ನೋಡಿಕೊಳ್ಳಾಂವ ಒಬ್ಬನ ಒಬ್ಬ, ವರ್ಷಕ್ಕ ಬರೋ ದೇಣಿಗಿ ಸುಮಾರು 2000 ಡಾಲರ್. ಒಡದ ಮ್ಯಾಲೆ ಎಲ್ಲಾರೂ ರೊಕ್ಕ ಹಿಡಕೊಂಡು ಓಡಿ ಬಂದ್ರು.

ಇದು ಎಲ್ಲೋ ಕೇಳಿದಂಗ ಅದ ಅಲ್ಲೇನ್ರಿ ವೈನಿ? ನಾವು ಜಡ್ಡಾಗಿ ಎರಡು ದಿವಸ ಮಲಗಿದ್ರ, ಆವಾಗ ಮನಿಗೆ ಗೊತ್ತಾಗ್ತದ ನೀರು ಯಾರು ತುಂಬ್ತಿದ್ರು, ಹಾಲು ಯಾರು ಕಾಸ್ತಿದ್ರು ಅಂತ. ಪಗಾರ ಇಲ್ಲದ ಕೆಲಸಕ್ಕ ಬೆಲಿ ಇಲ್ಲ ಅನ್ನೋ ಮಾತು ನಮ್ಮ ಬಾಯಾಗ ಬರಬಾರದು. ಬ್ಯಾರೆಯವರು ಅಂದ್ರ ಅನ್ಲಿ, ನಾವು ಅನ್ನಬಾರದು.

ಓಪನ್ ಸೋರ್ಸ್ ಅಂದ್ರ ದೇವರ ಪ್ರಸಾದ ಅಂತ ನಾ ಹೇಳಂಗಿಲ್ಲ. ಲಿಬ್ರೆ ಆಫೀಸ್ ಹಾಕ್ಕೊಂಡೆ. ಬ್ಯಾರೆಯವರು ಕಳಿಸಿದ ಫೈಲ್ ಒಮ್ಮೊಮ್ಮೆ ಅದರಾಗ ಸೊಟ್ಟ ಕಾಣಿಸ್ತದ. ಕೆಲವು ಕಡೆ ಅದರ ಕನ್ನಡ, ಇಂಗ್ಲಿಷಿಗಿಂತ ಕಠಿಣ. ತಿದ್ದೋರು ಕಡಿಮಿ, ಅದಕ್ಕ ಹಂಗ. ಆದ್ರ ಅಲ್ಲೆ ಬಾಗಲಾ ತೆರದದ, ನಿಮಗ ಬೇಕಾದ್ರ ನೀವ ಹೋಗಿ ತಿದ್ದಬಹುದು. ಮುಚ್ಚಿದ ಬಾಗಲದ ಮುಂದ ನಿಂತು ಎಷ್ಟ ಒದರಿದ್ರೂ ಯಾರೂ ಕೇಳಂಗಿಲ್ಲ, ನಾ ಒದರಿ ನೋಡೇನಿ.

ಕಡೀಕೆ ನನ್ನ ಹಾಡು ಹೊರಗ ತಗದದ್ದೂ ಅದ ನಮೂನಿ ತೆರದಿಟ್ಟ ತಂತ್ರಾಂಶ. ಹಳೇ ಫಾಂಟಿನ ಬರಹ ಯುನಿಕೋಡಿಗೆ ತಿರುವೋ ಸಾಧನಗಳನ್ನ ನಮ್ಮ ಕನ್ನಡದ ಹುಡುಗರ ಬರದು ಹಂಚ್ಯಾರ. ರೊಕ್ಕ ಕೇಳಲಿಲ್ಲ, ಹೆಸರು ಕೇಳಲಿಲ್ಲ. ಒತ್ತಕ್ಷರ ಅಲ್ಲಲ್ಲೆ ತಪ್ಪಿದ್ವು. ಹುಬ್ಬಳ್ಳಿಯ ದೊಡ್ಡ ವೈನಿಗೆ ಫೋನ್ ಹಚ್ಚಿ, ಅವರು ಹಾಡೋದು, ನಾ ತಿದ್ದೋದು, ಹಿಂಗ ಹದಿನೈದು ದಿವಸ ಮಾಡಿದಿವಿ. ಒಂದು ಫೈಲ್ ಮಾತ್ರ ಅರ್ಧಕ್ಕ ಕೆಟ್ಟಿತ್ತು. ಮಗಳನ್ನ ಗಂಡನ ಮನಿಗೆ ಕಳಿಸೋ ಹಾಡು ಅದು. ವೈನಿಗೂ ಮುಂದಿಂದು ನೆನಪಿಲ್ಲ.

ಅದಕ್ಕ ನಿಮಗೆಲ್ಲಾ ಹೇಳೋದಿಷ್ಟ. ಮನಿಯೊಳಗ ಹಳೇ ಸಿಡಿ, ಹಳೇ ಕಂಪ್ಯೂಟರಿನ್ಯಾಗ ಕನ್ನಡ ಬರದಿಟ್ಟದ್ದು ಇದ್ರ ಈ ವಾರನ ತೆಗದು ನೋಡ್ರಿ. ಓದಲಿಕ್ಕೆ ಬರದಿದ್ರ ಯುನಿಕೋಡಿಗೆ ತಿರುವಿಸಿ, ಸಾದಾ ಟೆಕ್ಸ್ಟ್ ಫೈಲ್ ಮಾಡಿ, ಎರಡು ಕಡೆ ಇಡ್ರಿ. ಕಾಗದದ ವಹಿ ರದ್ದಿಗೆ ಹಾಕಬ್ಯಾಡ್ರಿ, ನನ್ನಾಣಿ. ಮಕ್ಕಳು ಹೊಸಾ ಆಪ್ ಹಾಕಿಕೊಡ್ತೀನಿ ಅಂದ್ರ "ಇದರಾಗಿಂದ ನಂದು ನಾ ಹೊರಗ ತಗೋಬಹುದೇನಪ್ಪಾ?" ಅಂತ ಮೊದಲ ಕೇಳ್ರಿ. ನಕ್ರ ನಗಲಿ. ಕೀಲಿಕೈ ಕೇಳೋದು ದಡ್ಡತನ ಅಲ್ಲ.

ಮತ್ತ ಆ ಅರ್ಧ ಹಾಡು. ತವರುಮನಿ ಅಂಗಳ ದಾಟೋತನಕ ನನ್ನ ಹತ್ರ ಅದ, ಮುಂದ ಇಲ್ಲ. ನಮ್ಮ ಅತ್ತಿಯವರ ಬಾಯಿಲೆ ಕೇಳಿದವರು ನಿಮ್ಮೊಳಗ ಯಾರಾದ್ರೂ ಇದ್ರ, ಒಂದು ಫೋನ್ ಮಾಡ್ರಿ. ಬರಕೊಳ್ಳಲಿಕ್ಕೆ ನಾ ಕೂತೇನಿ.