ಬಾಗುವ ಕಂಬಗಳ ಪರವಾಗಿ

ನಿಕಾನ್ ಸಂಸ್ಥೆಯು 1963ರಲ್ಲಿ ಹೊರತಂದ 43–86 ಮಿ.ಮೀ. ಜೂಮ್ ಮಸೂರಕ್ಕೆ ಛಾಯಾಗ್ರಾಹಕರಲ್ಲಿ ಒಳ್ಳೆಯ ಹೆಸರಿಲ್ಲ. 1970ರ ದಶಕದಲ್ಲಿ ವಿನ್ಯಾಸ ಬದಲಾಗಿ ಸುಧಾರಿಸಿತು, ನನ್ನದು ಮೊದಲಿನದು. ರಾಜಾಜಿನಗರದ ಬೀದಿಗಳಲ್ಲಿ ಅದನ್ನೇ ಕ್ಯಾಮೆರಾಕ್ಕೆ ತೊಡಿಸಿ ಅಲೆಯುವುದು ನನಗಿಷ್ಟ. 43ರಲ್ಲಿ ಚಿತ್ರದಂಚಿನ ವಿದ್ಯುತ್ ಕಂಬವು ಹೊಟ್ಟೆ ಬಂದಂತೆ ಹೊರಕ್ಕುಬ್ಬುತ್ತದೆ. 86ಕ್ಕೆ ಸರಿಸಿದರೆ ಅದೇ ಕಂಬ ಸೊಂಟ ಕುಗ್ಗಿಸಿ ಒಳಕ್ಕೆ ಬಾಗುತ್ತದೆ. ಸಂಜೆಯ ಸೂರ್ಯನೆದುರು ಹಿಡಿದರೆ ಗಾಜುಗಳ ನಡುವೆ ಬೆಳಕು ಪ್ರತಿಫಲಿಸಿ, ನವರಂಗ್ ವೃತ್ತದ ಮೇಲೆ ಹುಸಿಬಿಂಬಗಳು ಸಾಲುಗಟ್ಟುತ್ತವೆ.

“ಗಣಕಯಂತ್ರದಲ್ಲಿ ಸರಿಪಡಿಸಿಬಿಡಿ ಸಾರ್” ಎನ್ನುವ ಶಿಷ್ಯರೇ, ಬೇಡ. ನಿಮ್ಮ ಫೋನು ಇಂತಹ ವಕ್ರತೆಯನ್ನು ನೀವು ನೋಡುವ ಮೊದಲೇ ಲೆಕ್ಕ ಹಾಕಿ ಅಳಿಸಿಬಿಡುತ್ತದೆ. ಕಪ್ಪುಹಲಗೆಯ ಮೇಲೆ ಕಿರಣಚಿತ್ರ ಬರೆದು ನಾನು ಕಲಿಸಿದ್ದನ್ನು ಈ ಮಸೂರ ಬೀದಿಯಲ್ಲೇ ತೋರಿಸುತ್ತದೆ. ಮದುವೆಯ ಗುಂಪುಚಿತ್ರಕ್ಕೆ ಮಾತ್ರ ನನ್ನನ್ನು ಕರೆಯಬೇಡಿ. ಅಂಚಿನಲ್ಲಿ ನಿಂತ ಬಂಧುಗಳು ಕ್ಷಮಿಸುವುದಿಲ್ಲ.